ನಷ್ಟ ಬರೆಯದ ಲೆಕ್ಕ ಲೆಕ್ಕವಲ್ಲ



ಯುವಕರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ಕಾರ್ಯಕ್ರಮಗಳ ಲೆಕ್ಕದ ಬಗ್ಗೆ ಈ ತಿಂಗಳು ನಾಲ್ಕು ಮಾತು ಬರೆಯುತ್ತೇನೆ. ಹಣದ ಲೆಕ್ಕ ನೋಡಲು ಆಡಿಟರರಿದ್ದಾರೆ. ನಾನು ಹೇಳಹೊರಟಿರುವುದು ಮನುಷ್ಯರ ಲೆಕ್ಕ. ತರಬೇತಿಗೆ ಬಂದ ಹುಡುಗ ಹುಡುಗಿಯರಲ್ಲಿ ಎರಡು ವರ್ಷದ ಮೇಲೆ ಎಷ್ಟು ಜನ ತಮ್ಮ ಕಾಲ ಮೇಲೆ ನಿಂತಿದ್ದಾರೆ? ಎಷ್ಟು ಜನ ಕೈ ಸುಟ್ಟುಕೊಂಡರು? ಸುಟ್ಟುಕೊಂಡವರು ಈಗ ಎಲ್ಲಿದ್ದಾರೆ? ದೊಡ್ಡ ಸಂಸ್ಥೆಗಳಲ್ಲಿ ಈ ಲೆಕ್ಕ ಇಡಲಿಕ್ಕೆಂದೇ ಈಗ ಒಬ್ಬ ಮುಖ್ಯಸ್ಥರನ್ನು ನೇಮಿಸುತ್ತಾರೆ. ಅದಕ್ಕೆ ‘ಮಾನಿಟರಿಂಗ್, ಇವ್ಯಾಲ್ಯುಯೇಷನ್, ಲರ್ನಿಂಗ್’ ಎಂದು ಹೆಸರು. ನಮ್ಮ ಮಾತಿನಲ್ಲಿ ಉಸ್ತುವಾರಿ, ಮೌಲ್ಯಮಾಪನ, ಕಲಿಕೆ. ಮೆಟ್ರಿಕ್ ತನಕ ಓದಿದ ನನ್ನಂಥವನಿಗೆ ಹೆಸರು ದೊಡ್ಡದು. ಆದರೆ ಅಂಗಡಿ ನಡೆಸಿದವರಿಗೆ ಈ ಕೆಲಸ ಹೊಸದಲ್ಲ.

ಹೇಗೆಂದು ಹೇಳುತ್ತೇನೆ. ಹೊಸ ವರ್ಷದ ಖಾತೆ ತೆರೆಯುವಾಗ ಮೊದಲು ಇದ್ದ ಮಾಲು, ಇದ್ದ ರೋಕಡಿ, ಬರಬೇಕಾದ ಉದ್ರಿ ಎಲ್ಲವನ್ನೂ ಬರೆದು ಆರಂಭದ ಶಿಲ್ಕು ತೆಗೆಯುತ್ತೇವೆ. ದಿನಾ ಸಂಜೆ ಕಿರ್ದಿ ಬರೆದು ಗಲ್ಲಾ ತಾಳೆ ನೋಡುತ್ತೇವೆ. ಇದು ಉಸ್ತುವಾರಿ. ದೀಪಾವಳಿಗೆ ಖಾತೆ ಮುಗಿಸಿ ಲಾಭವೋ ಲುಕ್ಸಾನೋ ನೋಡುತ್ತೇವೆ. ಇದು ಮೌಲ್ಯಮಾಪನ. ಯಾವ ಮಾಲು ಓಡಿತು, ಯಾವುದು ಕಪಾಟಿನಲ್ಲೇ ಕೂತಿತು ಎಂದು ತಿಳಿದು ಮುಂದಿನ ವರ್ಷದ ಖರೀದಿ ಬದಲಿಸುತ್ತೇವೆ. ಇದೇ ಕಲಿಕೆ. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ವ್ಯರ್ಥ. ಆರಂಭದ ಶಿಲ್ಕು ಬರೆಯದವನಿಗೆ ಕೊನೆಯಲ್ಲಿ ಎಷ್ಟು ಗಳಿಸಿದೆ ಎಂದು ಹೇಗೆ ಗೊತ್ತಾಗಬೇಕು?

ನಾರಾಯಣಪೇಟೆ, ಮಕ್ತಲ್, ಗದ್ವಾಲ ಈ ಮೂರು ಪೇಟೆಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಗದ್ವಾಲ ಮತ್ತು ಆಲಂಪುರ ತಾಲೂಕುಗಳು 1956ರ ತನಕ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಮರುವಿಂಗಡಣೆಯಲ್ಲಿ ಮಹಬೂಬನಗರಕ್ಕೆ ಸೇರಿದವು. 2016ರ ಅಕ್ಟೋಬರಿನಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು. 2019ರ ಫೆಬ್ರುವರಿಯಲ್ಲಿ ನಾರಾಯಣಪೇಟೆ ಜಿಲ್ಲೆಯಾಗಿ ಮಕ್ತಲ್ ಅದರೊಳಗೆ ಬಂತು. ನಕ್ಷೆ ಬದಲಾದರೂ ವ್ಯವಹಾರ ಬದಲಾಗಲಿಲ್ಲ. ಮಕ್ತಲ್ ಇರುವುದೇ ರಾಯಚೂರು–ಮಹಬೂಬನಗರ ಹೆದ್ದಾರಿಯ ಮೇಲೆ. ಕೃಷ್ಣಾ ಹೊಳೆ ದಾಟಿದರೆ ರಾಯಚೂರು. ಈ ಸೀಮೆಯ ಪೇಟೆಗಳಲ್ಲಿ ತೆಲುಗು, ಕನ್ನಡ, ಉರ್ದು ಒಂದೇ ಗಿರಾಕಿಯ ಬಾಯಲ್ಲಿ ಬರುತ್ತವೆ. ನಾರಾಯಣಪೇಟೆಯ ಓಣಿಗಳಲ್ಲಿ ಮರಾಠಿಯೂ ಕೇಳುತ್ತದೆ.

ಇಲ್ಲಿ ಹುನ್ನರಿಗೆ ಬಡತನವಿಲ್ಲ. ಚೌಕಡಿ ಮೈಯ ನಾರಾಯಣಪೇಟೆ ಸೀರೆ, ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಸೆರಗು ಕೂಡಿಸಿ ನೇಯುವ ಗದ್ವಾಲ ಸೀರೆ, ಎರಡಕ್ಕೂ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿದೆ. ನಾರಾಯಣಪೇಟೆಯ ಬಂಗಾರದ ಪೇಟೆ ಸುತ್ತಲಿನವರಿಗೆಲ್ಲ ಗೊತ್ತು. ಕೃಷ್ಣಾ ತುಂಗಭದ್ರೆಗಳ ನಡುವಿನ ನಡಿಗಡ್ಡದಲ್ಲಿ ಹತ್ತಿ ಬೀಜ ಬೆಳೆಯುವ ದೊಡ್ಡ ವ್ಯವಹಾರವಿದೆ. ಜುರಾಲಾ ಅಣೆಕಟ್ಟಿನ ನೀರಿನ ಕೆಳಗೆ ಭತ್ತ ಬರುತ್ತದೆ. ಇಷ್ಟಿದ್ದರೂ ಪಾಲಮೂರಿನ ಕೂಲಿಯವರು ಎಂಬ ಮಾತು ದೇಶದ ಕಟ್ಟಡ, ಕಾಲುವೆ ಕೆಲಸಗಳಲ್ಲೆಲ್ಲ ಪ್ರಸಿದ್ಧ. ಮಗ್ಗದವನ ಮಗ ಮಗ್ಗಕ್ಕೆ ಕೂರಲೊಲ್ಲ. ಅಂಗಡಿಯವನ ಮಗ ಹೈದರಾಬಾದಿನಲ್ಲಿ ಸಂಬಳದ ಕೆಲಸ ಹುಡುಕುತ್ತಾನೆ. ಆದ್ದರಿಂದಲೇ ‘ಹುಡುಗರು ಇಲ್ಲೇ ಏನಾದರೂ ಸ್ವಂತದ್ದು ಮಾಡಲಿ’ ಎಂದು ಸರಕಾರವೂ, ದಾನಿಗಳೂ, ನಮ್ಮಂಥ ಸಮಾಜಗಳ ಟ್ರಸ್ಟುಗಳೂ ಹಣ ಹಾಕುತ್ತಿರುವುದು.

ಹಣಕ್ಕೆ ಕೊರತೆಯಿಲ್ಲ ಎಂದೇ ಹೇಳಬೇಕು. 1993ರ ಅಕ್ಟೋಬರ್ 2ರಂದು ವಿದ್ಯಾವಂತ ನಿರುದ್ಯೋಗಿಗಳಿಗೆಂದು ಪ್ರಧಾನಮಂತ್ರಿ ರೋಜಗಾರ್ ಯೋಜನೆ ಬಂತು. 2008ರಲ್ಲಿ ಅದು ಇನ್ನೊಂದು ಯೋಜನೆಯೊಂದಿಗೆ ಕೂಡಿ ಪಿಎಂಇಜಿಪಿ ಆಯಿತು. 2014ರ ಜನವರಿಯಲ್ಲಿ ಕೇಂದ್ರ ಸರಕಾರ ಜೈನ ಸಮಾಜವನ್ನು ಅಲ್ಪಸಂಖ್ಯಾತ ಸಮುದಾಯವೆಂದು ಸಾರಿದ ಮೇಲೆ ಆ ಯೋಜನೆಯ ವಿಶೇಷ ವರ್ಗದ ಸಹಾಯಧನಕ್ಕೆ ನಮ್ಮ ಮಕ್ಕಳೂ ಅರ್ಹರು. 2015ರ ಏಪ್ರಿಲಿನಲ್ಲಿ ಮುದ್ರಾ ಸಾಲ ಬಂತು. 2025ರ ಮಾರ್ಚಿನಲ್ಲಿ ತೆಲಂಗಾಣ ಸರಕಾರ 5 ಲಕ್ಷ ಯುವಕರಿಗೆ 6000 ಕೋಟಿ ರೂಪಾಯಿಯ ರಾಜೀವ್ ಯುವ ವಿಕಾಸಂ ಯೋಜನೆ ಘೋಷಿಸಿತು. ಅದರಲ್ಲಿ 50 ಸಾವಿರದ ತನಕದ ಸಣ್ಣ ಘಟಕಕ್ಕೆ ಪೂರ್ತಿ ಸಹಾಯಧನ, 4 ಲಕ್ಷದ ಘಟಕಕ್ಕೆ ನೂರಕ್ಕೆ 70ರಷ್ಟು.

ಇಂಥ ಯೋಜನೆಗಳ ವರದಿ ಪತ್ರಿಕೆಯಲ್ಲಿ ಹೇಗೆ ಬರುತ್ತದೆ, ನೋಡಿ. ಇಷ್ಟು ಅರ್ಜಿ, ಇಷ್ಟು ಮಂಜೂರಾತಿ, ಇಷ್ಟು ಕೋಟಿ ವಿತರಣೆ. ಸಮಾಜದ ತರಬೇತಿ ಶಿಬಿರವಾದರೆ ಉದ್ಘಾಟನೆಯ ಫೋಟೋ, ಪ್ರಮಾಣಪತ್ರ ಹಿಡಿದು ಸಾಲಾಗಿ ನಿಂತ ಹುಡುಗರ ಫೋಟೋ. ಇದೆಲ್ಲ ನಮ್ಮ ಕೈಯಿಂದ ಹೋದದ್ದರ ಲೆಕ್ಕ. ಕಿರ್ದಿಯ ಖರ್ಚಿನ ಕಡೆ ಮಾತ್ರ ಬರೆದು ಜಮಾ ಕಡೆ ಖಾಲಿ ಬಿಟ್ಟ ಮುನೀಮನನ್ನು ಯಾವ ಸಾಹುಕಾರ ಇಟ್ಟುಕೊಂಡಾನು?

ಒಂದು ಲೆಕ್ಕ ಹಾಕಿ ನೋಡೋಣ. ಇದು ಯಾವ ಸಂಸ್ಥೆಯದೂ ಅಲ್ಲ, ತಿಳಿವಳಿಕೆಗೆಂದು ಕಟ್ಟಿದ್ದು. ಮಕ್ತಲ್‌ನಲ್ಲಿ 30 ಯುವಕರಿಗೆ 6 ಲಕ್ಷ ಖರ್ಚು ಮಾಡಿ ತರಬೇತಿ ಕೊಟ್ಟರೆನ್ನಿ. ತಲೆಗೆ 20,000 ರೂಪಾಯಿ ಬಿತ್ತು ಎಂದು ವರದಿ ಬರೆಯುತ್ತಾರೆ. ಆರು ತಿಂಗಳಿಗೆ ಕೇಳಿದರೆ 24 ಜನ ಏನಾದರೂ ಶುರು ಮಾಡಿದ್ದೇವೆ ಅನ್ನುತ್ತಾರೆ. ಶುರು ಮಾಡಿದವರ ತಲೆಗೆ 25,000. ಎರಡು ವರ್ಷದ ಮೇಲೆ ಹೋಗಿ ನೋಡಿದರೆ 13 ಅಂಗಡಿ ಉಳಿದಿವೆ. ಈಗ ಒಂದೊಂದಕ್ಕೆ ಸುಮಾರು 46,000. ಆ 13ರಲ್ಲಿ 5 ಜನ ಅಪ್ಪನ ಅಂಗಡಿಯ ಪಕ್ಕದಲ್ಲೇ ಅಪ್ಪನ ಹಣದಲ್ಲೇ ಹಾಕಿದವರು. ತರಬೇತಿ ಇಲ್ಲದಿದ್ದರೂ ಹಾಕುತ್ತಿದ್ದರು. ಅವರನ್ನು ಬಿಟ್ಟರೆ ಉಳಿದದ್ದು 8. ಅಂದರೆ ತರಬೇತಿಯಿಂದಲೇ ನಿಂತ ಒಂದು ಅಂಗಡಿಗೆ ಬಿದ್ದ ಖರ್ಚು 75,000 ರೂಪಾಯಿ.

ಇದನ್ನು ಕೇಳಿ ಕೆಲವರು ‘ಹಾಗಾದರೆ ಹಣ ನೀರಿಗೆ ಹೋಯಿತು’ ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಎಂಟು ಮನೆಗಳಿಗೆ ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಹೆಚ್ಚಿಗೆ ಬರುತ್ತಿದ್ದರೆ 75,000 ಏನೂ ಹೆಚ್ಚಲ್ಲ. ವರ್ಷದೊಳಗೆ ತೀರುವ ಅಸಲು ಅದು. ಆದರೆ ನಿಜವಾದ ಅಸಲು 75,000 ಎಂದು ಗೊತ್ತಿದ್ದರೆ ತಾನೆ ಅದನ್ನು 60,000ಕ್ಕೆ ಇಳಿಸುವ ದಾರಿ ಹುಡುಕುವುದು? 20,000 ಎಂದು ನಂಬಿ ಕೂತವನು ಏನನ್ನೂ ಬದಲಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮುಚ್ಚಿಹೋದ 11 ಅಂಗಡಿಗಳ ಮಕ್ಕಳು ಅವನ ಪುಸ್ತಕದಲ್ಲಿ ಎಲ್ಲೂ ಇರುವುದಿಲ್ಲ. ಅವರ ಹೆಸರಲ್ಲಿ ಬ್ಯಾಂಕಿನ ಸಾಲ ಉಳಿದಿದೆ. ಕಂತು ತಪ್ಪಿದ್ದು ದಾಖಲಾಗಿ ಮುಂದೆ ಒಂದು ಗಾಡಿಗೂ ಸಾಲ ಹುಟ್ಟುವುದಿಲ್ಲ. ಮನೆಯಲ್ಲಿ ತಾಯಿಯ ಒಡವೆ ಅಡವಿಗೆ ಹೋಗಿದೆ. ಇಪ್ಪತ್ತಮೂರು ವರ್ಷದ ಹುಡುಗ ‘ನನ್ನ ಕೈಲಿ ಆಗುವುದಿಲ್ಲ’ ಎಂದು ತೀರ್ಮಾನಿಸಿಬಿಟ್ಟಿದ್ದಾನೆ. ಒಳ್ಳೆಯದು ಮಾಡಲು ಹೋಗಿ ಯಾರಿಗೆ ಭಾರ ಹೊರಿಸಿದೆವು ಎಂಬುದನ್ನು ತಿಳಿಯದೆ ಇರುವ ಹಕ್ಕು ದಾನ ಕೊಟ್ಟವನಿಗಿಲ್ಲ.

ಈ ಲೆಕ್ಕವನ್ನು ಸರಿಯಾಗಿ ಇಟ್ಟವರು ನಮ್ಮಲ್ಲೇ ಇದ್ದಾರೆ. ದಕ್ಷಿಣ ಕನ್ನಡದ ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳನ್ನು ಜೊತೆಗೂಡಿಸಿ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಗ್ರಾಮೀಣ ನಿರುದ್ಯೋಗಿ ಯುವಕರಿಗೆ ಊಟ ವಸತಿ ಸಹಿತ ಉಚಿತವಾದ ಕಿರು ಅವಧಿಯ ತರಬೇತಿ. ಒಂದು ತಂಡಕ್ಕೆ ಇಪ್ಪತ್ತೈದು ಮೂವತ್ತು ಜನ. ಊಟ ವಸತಿಗಿಂತಲೂ ದೊಡ್ಡದು ಇನ್ನೊಂದಿದೆ. ತರಬೇತಿ ಮುಗಿದ ದಿನ ಅವರ ಕೆಲಸ ಮುಗಿಯುವುದಿಲ್ಲ. ಎರಡು ವರ್ಷದ ತನಕ ಬೆನ್ನು ಹತ್ತಿ ಹೋಗುತ್ತಾರೆ. ಶುರು ಮಾಡಿದನೇ, ಬ್ಯಾಂಕಿನ ಸಾಲ ಸಿಕ್ಕಿತೇ, ನಿಂತನೇ ಎಂದು ವಿಚಾರಿಸುತ್ತಾರೆ. ಎಷ್ಟು ಜನ ‘ನೆಲೆಗೊಂಡರು’ ಎಂಬುದರ ಮೇಲೆ ಕೇಂದ್ರದ ಯೋಗ್ಯತೆ ಅಳೆಯುತ್ತಾರೆ. ಇದನ್ನು ನೋಡಿ 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆ ಜಿಲ್ಲೆಗೊಂದರಂತೆ ಆರ್‌ಸೆಟಿ ಎಂಬ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ತೆರೆಯಿಸಿತು. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಉಜಿರೆಯಲ್ಲಿ ಹಾಕಿದ ಪದ್ಧತಿ ಮಾತ್ರ ದೇಶದ ತುಂಬ ಉಳಿದಿದೆ.

ತೆಲುಗು ಸೀಮೆಯದೂ ಒಂದು ಹಳೆಯ ಕಥೆ ಇದೆ. 1964ರಲ್ಲಿ ಅಮೆರಿಕದ ಪ್ರೊಫೆಸರ್ ಡೇವಿಡ್ ಮೆಕ್ಲೆಲ್ಯಾಂಡ್ ಕಾಕಿನಾಡದ ಐವತ್ತರಷ್ಟು ವ್ಯಾಪಾರಸ್ಥರಿಗೆ ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ತರಬೇತಿ ಕೊಡಿಸಿದರು. ಲೆಕ್ಕಪತ್ರ ಕಲಿಸಲಿಲ್ಲ. ಗುರಿ ಇಟ್ಟುಕೊಳ್ಳುವುದು, ತಾನಾಗಿ ಮುಂದೆ ಬೀಳುವುದು, ಅಳೆದು ತೂಗಿ ಧೈರ್ಯ ಮಾಡುವುದು, ಇಂಥ ಮನಸ್ಸಿನ ತಾಲೀಮು ಕೊಟ್ಟರು. ಆಮೇಲೆ ಅವರು ಮಾಡಿದ ಕೆಲಸ ನಮಗೆ ಪಾಠ. ತರಬೇತಿ ಪಡೆದವರನ್ನು ಮಾತ್ರ ನೋಡದೆ ಪಡೆಯದವರನ್ನೂ, ಪಕ್ಕದ ರಾಜಮಂಡ್ರಿಯ ವ್ಯಾಪಾರಸ್ಥರನ್ನೂ ಹೋಲಿಸಿ ನೋಡಿದರು. ವರ್ಷಗಳ ಮೇಲೆ ನೋಡಿದಾಗ ತರಬೇತಿ ಪಡೆದವರು ಹೆಚ್ಚು ಹೊತ್ತು ದುಡಿಯುತ್ತಿದ್ದರು, ಹೊಸ ವ್ಯವಹಾರಕ್ಕೆ ಹೆಚ್ಚು ಕೈಹಾಕಿದ್ದರು. ಡೇವಿಡ್ ವಿಂಟರ್ ಅವರೊಡನೆ ಸೇರಿ 1969ರಲ್ಲಿ ಇದನ್ನು ಪುಸ್ತಕವಾಗಿ ಹೊರತಂದರು.

ಹೋಲಿಕೆ ಯಾಕೆ ಬೇಕು? ಮಳೆ ಚೆನ್ನಾದ ವರ್ಷ ಎಲ್ಲರ ಅಂಗಡಿಯೂ ಓಡುತ್ತದೆ. ಅದನ್ನು ತರಬೇತಿಯ ಪುಣ್ಯ ಎಂದರೆ ಹೇಗೆ? ಹತ್ತಿಯ ಧಾರಣೆ ಬಿದ್ದ ವರ್ಷ ಗದ್ವಾಲದ ಪೇಟೆಯೇ ಮಲಗುತ್ತದೆ. ಅದನ್ನು ತರಬೇತಿಯ ತಪ್ಪು ಎಂದರೂ ಅನ್ಯಾಯ. ಪಕ್ಕದ ಅಂಗಡಿಯೊಂದಿಗೆ ತೂಗಿ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ. ಇದಕ್ಕೆ ಒಂದು ಸರಳ ಉಪಾಯವಿದೆ. 30 ಜಾಗಕ್ಕೆ 60 ಯೋಗ್ಯ ಅರ್ಜಿ ಬಂದರೆ ಎಲ್ಲರೆದುರಿಗೆ ಚೀಟಿ ಎತ್ತಬೇಕು. ಶಿಫಾರಸಿನ ಗಲಾಟೆಯೂ ತಪ್ಪುತ್ತದೆ. ಚೀಟಿ ಬಂದವರನ್ನೂ ಬಾರದವರನ್ನೂ ಎರಡು ವರ್ಷ ವಿಚಾರಿಸಬೇಕು. ಬಾರದವರಿಗೆ ಆ ಮೇಲಿನ ತಂಡದಲ್ಲಿ ಜಾಗ ಕೊಡಬೇಕು. ಇಬ್ಬರ ಗಳಿಕೆಯ ಅಂತರವೇ ತರಬೇತಿಯ ನಿಜವಾದ ಫಲ.

ಹೀಗೆ ಚೀಟಿ ಎತ್ತಿ ಪರೀಕ್ಷಿಸಿದ ಕಾರ್ಯಕ್ರಮಗಳು ಏನು ಹೇಳುತ್ತವೆ? ಹೈದರಾಬಾದಿನಲ್ಲೇ 2005ರಿಂದ 104 ಬಡ ಬಡಾವಣೆಗಳನ್ನು ತೆಗೆದುಕೊಂಡು ಅದರಲ್ಲಿ 52ರಲ್ಲಿ ಸಣ್ಣ ಸಾಲದ ಶಾಖೆ ತೆರೆದು ನೋಡಿದರು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರ ತಂಡದ ಕೆಲಸ ಅದು. ಸಾಲ ಸಿಕ್ಕಿತೆಂದು ಎಲ್ಲರ ಮನೆಯ ಸ್ಥಿತಿ ಏರಲಿಲ್ಲ. ಮೊದಲೇ ಚೆನ್ನಾಗಿ ವ್ಯಾಪಾರ ಮಾಡುತ್ತಿದ್ದವರು ಇನ್ನೂ ಬೆಳೆದರು, ಅಷ್ಟೆ. ಅಂದರೆ ಬರೀ ಸಾಲ ಸಾಲದು. ಆಫ್ರಿಕದ ಟೋಗೊ ದೇಶದಲ್ಲಿ 1500 ಸಣ್ಣ ವ್ಯಾಪಾರಿಗಳನ್ನು ಮೂರು ಪಾಲು ಮಾಡಿ, ಒಂದು ಪಾಲಿಗೆ ಲೆಕ್ಕಪತ್ರ ಮಾರುಕಟ್ಟೆಯ ಮಾಮೂಲು ಪಾಠ, ಇನ್ನೊಂದಕ್ಕೆ ತಾನಾಗಿ ಮುಂದೆ ಬೀಳುವ ಮನಸ್ಸಿನ ತಾಲೀಮು ಕೊಟ್ಟರು. ಮೂರನೆಯವರಿಗೆ ಏನೂ ಕೊಡಲಿಲ್ಲ. 2017ರಲ್ಲಿ ಫಲಿತಾಂಶ ಬಂದಾಗ ಮನಸ್ಸಿನ ತಾಲೀಮು ಪಡೆದವರ ಲಾಭ ನೂರಕ್ಕೆ 30ರಷ್ಟು ಏರಿತ್ತು. ಮಾಮೂಲು ಪಾಠ ಕೇಳಿದವರದು 11, ಅದೂ ಖಚಿತವಾಗಿ ಹೇಳುವಂತಿರಲಿಲ್ಲ. ಕಾಕಿನಾಡದ ಹಳೆಯ ಪಾಠವೇ ಐವತ್ತು ವರ್ಷದ ಮೇಲೆ ಮತ್ತೆ ಬಂತು.

ಉಗಾಂಡದ ಲೆಕ್ಕ ಇನ್ನೂ ಕುತೂಹಲದ್ದು. 2008ರಲ್ಲಿ ಅಲ್ಲಿನ ಸರಕಾರ ಯುವಕರ ಗುಂಪುಗಳಿಗೆ, ಕಸುಬು ಕಲಿತು ಸಾಮಾನು ಕೊಳ್ಳಲು, ಒಬ್ಬೊಬ್ಬರಿಗೆ ಸುಮಾರು 380 ಡಾಲರಿನಂತೆ ಹಣ ಕೊಟ್ಟಿತು. ನಾಲ್ಕು ವರ್ಷದ ಮೇಲೆ ಪಡೆದವರ ಗಳಿಕೆ ಪಡೆಯದವರಿಗಿಂತ ನೂರಕ್ಕೆ 38ರಷ್ಟು ಹೆಚ್ಚಿತ್ತು. ಎಲ್ಲರೂ ಭಲೇ ಎಂದರು. ಒಂಬತ್ತು ವರ್ಷದ ಮೇಲೆ ಮತ್ತೆ ಹೋದಾಗ ಪಡೆಯದವರೂ ಹೇಗೋ ದುಡಿದು ಸರಿಸಮ ಬಂದಿದ್ದರು. ಪಡೆದವರ ಹತ್ತಿರ ಆಸ್ತಿಪಾಸ್ತಿ ಮಾತ್ರ ಸ್ವಲ್ಪ ಹೆಚ್ಚಿಗೆ ಉಳಿದಿತ್ತು. ನಾಲ್ಕನೆಯ ವರ್ಷಕ್ಕೇ ಪುಸ್ತಕ ಮುಚ್ಚಿದ್ದರೆ ಅರ್ಧ ಸತ್ಯ ಮಾತ್ರ ತಿಳಿಯುತ್ತಿತ್ತು. ಆ ಹಣ ಬಡತನದಿಂದ ಮೇಲೆ ಬರುವ ದಾರಿಯನ್ನು ಕೆಲವು ವರ್ಷ ಬೇಗ ಮಾಡಿಕೊಟ್ಟಿತು ಎಂಬುದು ಪೂರ್ತಿ ಸತ್ಯ. ಅದೂ ಸಣ್ಣ ಮಾತಲ್ಲ.

ಇನ್ನು ನಮ್ಮ ಪೇಟೆಗಳಲ್ಲಿ ಇಂಥ ಲೆಕ್ಕ ಇಡಲು ಹೊರಟವರು ಗಮನಿಸಬೇಕಾದ ಕೆಲವು ಸಂಗತಿ. ಪುಸ್ತಕ ಓದಿದವರಿಗಿಂತ ಗಲ್ಲಾದ ಮೇಲೆ ಕೂತವರಿಗೆ ಇವು ಬೇಗ ಹೊಳೆಯುತ್ತವೆ.

ಮೊದಲನೆಯದು ಹಂಗಾಮು. ಮದುವೆ ಹಂಗಾಮಿನಲ್ಲಿ ನಾರಾಯಣಪೇಟೆಯ ಸೀರೆಯವನನ್ನು ‘ತಿಂಗಳ ಗಳಿಕೆ ಎಷ್ಟು’ ಎಂದು ಕೇಳಿದರೆ ಅವನು ಶ್ರೀಮಂತ. ಆಷಾಢದಲ್ಲಿ ಕೇಳಿದರೆ ಬಡವ. ಮಕ್ತಲ್‌ನಲ್ಲಿ ಮಾಲು ಬಂದ ತಿಂಗಳು ಬೇರೆ, ಬಿತ್ತನೆಯ ತಿಂಗಳು ಬೇರೆ. ಆದ್ದರಿಂದ ಹೋದ ವರ್ಷ ಯಾವ ತಿಂಗಳಲ್ಲಿ ಕೇಳಿದ್ದರೋ ಈ ವರ್ಷವೂ ಅದೇ ತಿಂಗಳಲ್ಲಿ ಕೇಳಬೇಕು.

ಎರಡನೆಯದು ಉದ್ರಿ. ಮಾರಿದ್ದೆಲ್ಲ ಗಳಿಕೆಯಲ್ಲ. ಒಂದು ಲಕ್ಷ ಮಾರಿ 40,000 ಉದ್ರಿ ನಿಂತರೆ ಹುಡುಗನ ಕೈಯಲ್ಲಿ ಮಾಲೂ ಇಲ್ಲ, ಹಣವೂ ಇಲ್ಲ. ಹೊಸ ಅಂಗಡಿಗಳು ಗಿರಾಕಿ ಇಲ್ಲದೆ ಮುಚ್ಚುವುದಕ್ಕಿಂತ ಉದ್ರಿ ತುಂಬಿ ಮುಚ್ಚುವುದೇ ಹೆಚ್ಚು ಎಂದು ಪೇಟೆಯಲ್ಲಿದ್ದವರೆಲ್ಲ ಬಲ್ಲರು. ಫಾರಂನಲ್ಲಿ ‘ವಹಿವಾಟು’ ಎಂಬ ಒಂದೇ ಕಲಮು ಇದ್ದರೆ ಈ ರೋಗ ಕಾಣುವುದೇ ಇಲ್ಲ. ಮಾರಾಟ, ವಸೂಲಿ, ಮನೆಗೆ ಒಯ್ದದ್ದು, ಈ ಮೂರೂ ಬೇರೆ ಬೇರೆ ಬರೆಯಬೇಕು.

ಮೂರನೆಯದು ಮನೆಯವರ ದುಡಿಮೆ. ಮಗ್ಗದ ಮೇಲೆ ಒಬ್ಬ ಕೂತರೆ ನೂಲು ಸುತ್ತಿಕೊಡಲು ಹೆಂಡತಿಯೋ ತಾಯಿಯೋ ಬೇಕೇ ಬೇಕು. ಸೀರೆಯ ಗಳಿಕೆಯನ್ನು ಒಬ್ಬನ ಹೆಸರಲ್ಲಿ ಬರೆದರೆ ಇಬ್ಬರ ಕೂಲಿ ಒಬ್ಬನ ಲಾಭವಾಗಿ ಕಾಣುತ್ತದೆ. ಅಂಗಡಿಯಲ್ಲೂ ಹಾಗೆಯೇ. ತಮ್ಮನ ಓದು ಬಿಡಿಸಿ ಕೂರಿಸಿಕೊಂಡಿದ್ದರೆ ಅದನ್ನೂ ಬರೆಯಬೇಕು. ಹೆಣ್ಣುಮಕ್ಕಳು ನಡೆಸುವ ಉದ್ಯೋಗವಾದರೆ ಹಣ ಯಾರ ಕೈಯಲ್ಲಿ ಉಳಿಯುತ್ತದೆ ಎಂದು ಹೆಂಗಸರೇ ಹೋಗಿ, ಅತ್ತೆ ಮಾವ ಎದುರಿಗಿಲ್ಲದಾಗ ಕೇಳಬೇಕು.

ನಾಲ್ಕನೆಯದು ಭಾಷೆ ಮತ್ತು ಕೇಳುವವರು. ಕೃಷ್ಣಾ ಹೊಳೆಯ ದಂಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಇಂಗ್ಲಿಷ್ ಫಾರಂ ಕೊಟ್ಟು ತುಂಬು ಎಂದರೆ ಹುಡುಗ ಪಕ್ಕದವನನ್ನು ನೋಡಿ ತುಂಬುತ್ತಾನೆ. ಇನ್ನು ತರಬೇತಿ ಕೊಟ್ಟ ಮೇಷ್ಟರೇ ಹೋಗಿ ‘ಹೇಗಿದೆಯಪ್ಪಾ ನಿನ್ನ ಅಂಗಡಿ?’ ಎಂದರೆ ಅವನು ‘ನಿಮ್ಮ ದಯೆಯಿಂದ ಚೆನ್ನಾಗಿದೆ ಸಾರ್’ ಅನ್ನದೆ ಮತ್ತೇನು ಅನ್ನುತ್ತಾನೆ? ಕಲಿಸಿದವರು ಒಬ್ಬರು, ಲೆಕ್ಕ ಕೇಳುವವರು ಇನ್ನೊಬ್ಬರು ಆಗಿರಬೇಕು. ತೂಗುವವನೂ ಕೊಳ್ಳುವವನೂ ಒಬ್ಬನೇ ಆಗಬಾರದು ಎಂಬುದು ಪೇಟೆಯ ಹಳೆಯ ನ್ಯಾಯ.

ಐದನೆಯದು ಎಲ್ಲಕ್ಕಿಂತ ದೊಡ್ಡದು. ತಪ್ಪಿಹೋದವರನ್ನು ಹುಡುಕುವುದು. ಎರಡು ವರ್ಷದ ಮೇಲೆ ಫೋನ್ ಮಾಡಿದರೆ ಯಾರ ಅಂಗಡಿ ನಡೆಯುತ್ತಿದೆಯೋ ಅವರು ಎತ್ತುತ್ತಾರೆ. ಮುಚ್ಚಿದವನ ನಂಬರು ಬದಲಾಗಿದೆ, ಅವನು ಪುಣೆಯಲ್ಲೋ ಮುಂಬಯಿಯಲ್ಲೋ ಇದ್ದಾನೆ. ‘ಸಂಪರ್ಕಕ್ಕೆ ಸಿಕ್ಕ 15 ಜನರಲ್ಲಿ 13 ಜನ ಯಶಸ್ವಿ’ ಎಂದು ವರದಿ ಬರೆದರೆ ಓದುವವರಿಗೆ ಸಂತೋಷ. ಸಿಗದ 15 ಜನರೇ ನಿಜವಾದ ಪಾಠ ಹೇಳಬಲ್ಲವರು. ಅದಕ್ಕೇ ಮೊದಲ ದಿನವೇ ಅವನ ನಂಬರಿನ ಜೊತೆ ಸೋದರಮಾವನದು, ಪಕ್ಕದ ಅಂಗಡಿಯವರದು ಬರೆದಿಟ್ಟುಕೊಳ್ಳಬೇಕು. ಸಾಲ ಕೊಡುವಾಗ ನಾವು ಹೀಗೇ ಮಾಡುತ್ತೇವೆ. ವಿದ್ಯೆ ಕೊಡುವಾಗ ಯಾಕೆ ಮರೆಯಬೇಕು?

ಹುಡುಕಿ ಸಿಕ್ಕವನು ನಿಜ ಹೇಳಬೇಕಾದರೆ ಅವನಿಗೆ ಅಭಯ ಬೇಕು. ಒಬ್ಬನ ಖಾತೆಯನ್ನು ಇನ್ನೊಬ್ಬನ ಅಂಗಡಿಯಲ್ಲಿ ಓದುವುದು ಪೇಟೆಯಲ್ಲಿ ನೀಚತನ. ಹಾಗೆಯೇ ಸೋತ ಹುಡುಗನ ಹೆಸರು ಸಭೆಯಲ್ಲಿ ಎತ್ತಬಾರದು, ಗೆದ್ದವನ ಫೋಟೋ ಹಾಕಿ ಸೋತವನನ್ನು ನಾಚಿಸಲೂ ಬಾರದು. ಎಷ್ಟು ಅಂಗಡಿ ಮುಚ್ಚಿದವು, ಯಾವ ತಿಂಗಳಲ್ಲಿ, ಯಾವ ಕಾರಣಕ್ಕೆ, ಇಷ್ಟು ಸಾಕು.

ಅದರಿಂದ ಕಲಿಯುವುದು ಹೇಗೆ? ಮುಚ್ಚಿದ್ದರಲ್ಲಿ ಹೆಚ್ಚಿನವು ನಾಲ್ಕರಿಂದ ಆರನೆಯ ತಿಂಗಳಲ್ಲಿ ಮುಚ್ಚಿದವೆಂದು ತಿಳಿದರೆ ಮೊದಲ ಭೇಟಿಯನ್ನು ಆರನೆಯ ತಿಂಗಳಿಂದ ಮೂರನೆಯ ತಿಂಗಳಿಗೆ ತರಬೇಕು. ಉದ್ರಿಯೇ ಕಾರಣವಾದರೆ ‘ಮುಖ ಕೆಡಿಸಿಕೊಳ್ಳದೆ ವಸೂಲಿ ಮಾಡುವುದು ಹೇಗೆ’ ಎಂದು ಅನುಭವಿ ವ್ಯಾಪಾರಿಯಿಂದ ಎರಡು ದಿನ ಪಾಠ ಹೇಳಿಸಬೇಕು. ಒಂದೇ ಬೀದಿಯಲ್ಲಿ ನಾಲ್ಕು ಮೊಬೈಲ್ ರಿಪೇರಿ ಅಂಗಡಿ ಎದ್ದು ಮೂರು ಬಿದ್ದಿದ್ದರೆ ಮುಂದಿನ ತಂಡಕ್ಕೆ ಆ ಕಸುಬು ನಿಲ್ಲಿಸಬೇಕು. ವರದಿ ಬರೆದು ಕಪಾಟಿನಲ್ಲಿಟ್ಟರೆ ಅದು ಕಲಿಕೆಯಲ್ಲ. ಮುಂದಿನ ತಂಡದ ವೇಳಾಪಟ್ಟಿ ಬದಲಾದರೆ ಕಲಿಕೆ.

ಈ ಕೆಲಸದ ಮುಖ್ಯಸ್ಥರಾಗುವವರಿಗೆ ಲೆಕ್ಕ ಬರಬೇಕು, ಜನರ ಜೊತೆ ಮಾತಾಡಲು ಬರಬೇಕು. ಇವೆರಡಕ್ಕಿಂತ ಹೆಚ್ಚಾಗಿ, ಕಹಿ ಅಂಕಿಯನ್ನು ಅಧ್ಯಕ್ಷರ ಮುಂದೆ ಇಡುವ ಧೈರ್ಯ ಬೇಕು. ಆ ಧೈರ್ಯ ಅವರೊಬ್ಬರಿಂದ ಬರುವುದಿಲ್ಲ. ಕೇಳುವ ನಾವು ಹೇಗಿದ್ದೇವೆ ಎಂಬುದರ ಮೇಲೆ ನಿಂತಿದೆ. ‘ಇಷ್ಟು ಜನ ಸೋತರು’ ಎಂದವನ ಕೆಲಸ ಹೋಗುವುದಾದರೆ ನಾಳೆಯಿಂದ ಎಲ್ಲ ವರದಿಯಲ್ಲೂ ಎಲ್ಲರೂ ಗೆದ್ದಿರುತ್ತಾರೆ. ಗಿರಾಕಿ ತಿರುಗಿ ಬರಲಿಲ್ಲವೆಂದು ಹೇಳಿದ ಗುಮಾಸ್ತನನ್ನು ಬೈದು ಕಳಿಸಿದರೆ ಅಂಗಡಿ ಉಳಿಯುತ್ತದೆಯೇ?

ಆದಕಾರಣ ಬಾಂಧವರಲ್ಲಿ ಮೂರು ವಿನಂತಿ. ಒಂದು, ಯುವಕರ ತರಬೇತಿಗೆಂದು ಯಾರೇ ಚಂದಾ ಕೇಳಲು ಬಂದರೂ ಸಂತೋಷದಿಂದ ಕೊಡಿ. ಕೊಡುವಾಗ ಹೀಗೆ ಕೇಳಿ: ಎರಡು ವರ್ಷದ ಹಿಂದಿನ ತಂಡದಲ್ಲಿ ಎಷ್ಟು ಜನ ಇದ್ದರು? ಇವತ್ತು ಎಷ್ಟು ಅಂಗಡಿ ತೆರೆದಿವೆ? ಮುಚ್ಚಿದವು ಯಾಕೆ ಮುಚ್ಚಿದವು? ಮೂರನೆಯ ಪ್ರಶ್ನೆಗೆ ಉತ್ತರ ಇದ್ದವರಿಗೆ ನೀವು ಬರೆಯಬೇಕೆಂದಿದ್ದ ಮೊತ್ತಕ್ಕಿಂತ ಸ್ವಲ್ಪ ಹೆಚ್ಚಿಗೆ ಬರೆಯಿರಿ. ಚಂದಾದ ನೂರಕ್ಕೆ ಐದು ರೂಪಾಯಿ ಈ ವಿಚಾರಣೆಯ ಕೆಲಸಕ್ಕೇ ಮೀಸಲು ಎಂದು ಹೇಳಿ. ಅದು ದಂಡದ ಖರ್ಚಲ್ಲ. ತಕ್ಕಡಿ ಕೊಳ್ಳುವುದು ಯಾವ ಅಂಗಡಿಗೂ ದಂಡವಲ್ಲ.

ಎರಡು, ವ್ಯವಹಾರವನ್ನು ಮಕ್ಕಳಿಗೆ ಒಪ್ಪಿಸಿ ಮನೆಯಲ್ಲಿರುವ ಹಿರಿಯರು ವರ್ಷಕ್ಕೆರಡು ಸಲ ಹತ್ತು ಹೊಸ ಅಂಗಡಿಗಳಿಗೆ ಹೋಗಿ ಬನ್ನಿ. ಉಪದೇಶ ಬೇಡ. ಹತ್ತು ನಿಮಿಷ ಕೂತು ಉದ್ರಿ ಪುಸ್ತಕ ನೋಡಿದರೆ ಆ ಅಂಗಡಿ ಆರು ತಿಂಗಳು ನಿಲ್ಲುತ್ತದೋ ಇಲ್ಲವೋ ನಿಮಗೆ ತಿಳಿಯುತ್ತದೆ. ದೊಡ್ಡ ಓದು ಓದಿ ಬಂದವರಿಗೆ ಈ ಕಣ್ಣು ಬರಲು ವರ್ಷಗಳು ಬೇಕು. ನೋಡಿದ್ದನ್ನು ಒಂದು ಹಾಳೆಯಲ್ಲಿ ಬರೆದು ಲೆಕ್ಕ ಇಡುವವರಿಗೆ ಕೊಡಿ.

ಮೂರು, ಬಿ.ಕಾಂ., ಎಂ.ಬಿ.ಎ. ಮಾಡಿದ ನಮ್ಮ ಮನೆಯ ಹುಡುಗ ಹುಡುಗಿಯರು ಇಂಥ ಸಂಸ್ಥೆಗಳಲ್ಲಿ ಲೆಕ್ಕದ ಈ ಕೆಲಸಕ್ಕೆ ಹೋಗುತ್ತೇನೆಂದರೆ ‘ಸಮಾಜಸೇವೆಯಲ್ಲಿ ಏನಿದೆ’ ಎಂದು ತಡೆಯಬೇಡಿ. ಇದು ಮರ್ಯಾದೆಯ ಕೆಲಸ, ಸಂಬಳದ ಕೆಲಸ. ಖಾತೆ ನೋಡುವ ಕಣ್ಣು ಹುಟ್ಟಿದ ಮನೆಯಿಂದಲೇ ಬಂದಿರುವ ಮಕ್ಕಳಿಗೆ ಇದಕ್ಕಿಂತ ಒಪ್ಪುವ ಉದ್ಯೋಗ ಅಪರೂಪ.

ನಮ್ಮ ಹಿರಿಯರು ಲಾಭವನ್ನು ಬರೆದ ಶಾಯಿಯಲ್ಲೇ ನಷ್ಟವನ್ನೂ ಬರೆದರು. ಹಾಗೆ ಬರೆದದ್ದಕ್ಕೇ ಮನೆತನಗಳು ಉಳಿದವು, ಪೇಟೆಯಲ್ಲಿ ಮಾತು ನಡೆಯಿತು. ಬೇರೆಯವರ ಮಕ್ಕಳ ಬದುಕನ್ನು ಬಂಡವಾಳವಾಗಿ ಹಾಕಿ ನಡೆಸುವ ಈ ಕೆಲಸದಲ್ಲಿ ಅಷ್ಟಾದರೂ ಪ್ರಾಮಾಣಿಕತೆ ಇರಲಿ. ಬರುವ ದೀಪಾವಳಿಗೆ ನಿಮ್ಮ ಊರಿನ ತರಬೇತಿ ಸಮಿತಿಯವರು ವರದಿ ಓದುವಾಗ ಯಾರಾದರೂ ಒಬ್ಬರು ಎದ್ದು ನಿಂತು ಕೇಳಿ: ‘ಮುಚ್ಚಿದ ಅಂಗಡಿಗಳ ಪಟ್ಟಿ ಎಲ್ಲಿದೆ?’